ಬೇಕರಿಯವನ ಪೂರ್ತಿ ಮಾತು

ಬೆಳಗಿನ ಹತ್ತು ಗಂಟೆಯ ವಾರ್ತೆಗೆ ಇನ್ನು ಒಂಬತ್ತು ನಿಮಿಷ ಇದ್ದಾಗ ಗಡಿಯಾಚೆಯಿಂದ ಆ ವಿಡಿಯೊ ಬಂತು. ಕಳಿಸಿದವನು ಕಡ್ಡಿ. ಯುದ್ಧ ನಡೆಯುತ್ತಿದ್ದ ಊರಿನಲ್ಲೇ ಹುಟ್ಟಿ ಬೆಳೆದವನು. ಮೊದಲು ಮದುವೆಗಳ ಫೋಟೊ ತೆಗೆಯುತ್ತಿದ್ದ. ಮದುವೆಗಳು ನಿಂತ ಮೇಲೆ ಬಾಂಬು ಬಿದ್ದ ಜಾಗಗಳನ್ನು ತೆಗೆದು ಚಾನೆಲ್ಲಿಗೆ ಕಳಿಸುತ್ತಿದ್ದ. ಜೋರು ಗಾಳಿ ಬೀಸಿದರೆ ಕಂಬ ಹಿಡಿದುಕೊಂಡು ನಿಲ್ಲುತ್ತೇನೆ ಅಂತ ಅವನೇ ಒಮ್ಮೆ ಹೇಳಿಕೊಂಡಿದ್ದರಿಂದ ಆಫೀಸಿನಲ್ಲಿ ಆ ಹೆಸರೇ ಉಳಿದಿತ್ತು.

ಅವನ ಭಾಷೆ ಚಾನೆಲ್ಲಿನಲ್ಲಿ ಬರುತ್ತಿದ್ದದ್ದು ಒಬ್ಬಳಿಗೆ ಮಾತ್ರ. ವಯಸ್ಸಿನಲ್ಲಿ ಹಿರಿಯಳಾದ್ದರಿಂದ ಅವಳನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು. ಮುಖವನ್ನೇ ನೋಡಿರದ ಕಡ್ಡಿ ಕೂಡ. ಆ ಭಾಷೆಯನ್ನು ಅವಳು ಕಾಲೇಜಿನಲ್ಲಿ ಕಲಿತವಳಲ್ಲ. ಅವಳ ಅತ್ತೆ ಗಡಿಯಾಚೆಯವರು. ಮದುವೆಯಾದ ಹೊಸದರಲ್ಲಿ, ಅತ್ತೆ ಅಡುಗೆಮನೆಯಲ್ಲಿ ಗೊಣಗುವುದೆಲ್ಲ ತನ್ನ ಬಗ್ಗೆಯೇ ಇರಬೇಕು ಅನ್ನುವ ಗುಮಾನಿಯಿಂದ ಕಿವಿಗೊಟ್ಟು ಕಲಿತಿದ್ದಳು. ಕಲಿತ ಮೇಲೆ ಗೊತ್ತಾಯಿತು, ಅತ್ತೆ ಬೈಯುತ್ತಿದ್ದದ್ದು ಮಗನನ್ನು. ಅಂದಿನಿಂದ ಅತ್ತೆ ಸೊಸೆ ಒಂದಾಗಿದ್ದರು.

ವಿಡಿಯೊದಲ್ಲಿ ಒಂದು ಬೇಕರಿ ನೆಲಸಮವಾಗಿತ್ತು. ಹಿಂದಿನ ದಿನ ಬ್ರೆಡ್ಡಿಗೆ ಸಾಲಾಗಿ ನಿಂತಿದ್ದ ಏಳು ಜನ ಸತ್ತಿದ್ದರು. ಮೈಯೆಲ್ಲ ಹಿಟ್ಟೋ ಸುಣ್ಣದ ಪುಡಿಯೋ ಮೆತ್ತಿಕೊಂಡ ಬೇಕರಿಯವನು ಕ್ಯಾಮೆರಾ ನೋಡುತ್ತಾ ಮಾತಾಡುತ್ತಿದ್ದ.

“ಪೂರ್ತಿ ಬೇಡ. ಮೊದಲ ಒಂದು ನಿಮಿಷ ಸಾಕು, ಬೇಗ ಕೊಡಿ,” ಅಂದರು ವಾರ್ತೆಯ ಮುಖ್ಯಸ್ಥರು.

ಅಕ್ಕ ಹೆಡ್‌ಫೋನ್ ಹಾಕಿಕೊಂಡು ಒಂದು ನಿಮಿಷ ಕೇಳಿ ಟೈಪ್ ಮಾಡಿಕೊಟ್ಟಳು: “ಇಲ್ಲಿಗೆ ಎಲ್ಲರೂ ಬರ್ತಿದ್ದರು. ಬಂದೂಕಿನವರೂ ಬರ್ತಿದ್ದರು. ಎಲ್ಲರ ಹಾಗೆ ಸಾಲಲ್ಲಿ ನಿಂತು ಬ್ರೆಡ್ ತಗೊಂಡು ಹೋಗ್ತಿದ್ದರು. ಇದು ಬೇಕರಿ. ಬೇರೇನೂ ಅಲ್ಲ.”

ಹತ್ತಕ್ಕೆ ವಾರ್ತೆ ಶುರುವಾಯಿತು. ಬಾಂಬು ಹಾಕಿದ ಸೇನೆ ಈ ದೇಶಕ್ಕೆ ಬೇಕಾದವರದ್ದು, ಚಾನೆಲ್ಲಿನ ಮಾಲೀಕರಿಗಂತೂ ಇನ್ನೂ ಬೇಕಾದವರದ್ದು. ಪರದೆಯ ಮೇಲೆ ಬೇಕರಿಯವನ ಮುಖ ಬಂತು, “ಬಂದೂಕಿನವರೂ ಬರ್ತಿದ್ದರು” ಅನ್ನುವಷ್ಟಕ್ಕೆ ಮಾತು ನಿಂತಿತು. ಕೆಳಗೆ ಕೆಂಪು ಪಟ್ಟಿಯಲ್ಲಿ ಓಡಿತು: “ಬೇಕರಿ ಹೆಸರಲ್ಲಿ ಬಂಡುಕೋರರ ಅಡ್ಡೆ: ಮಾಲೀಕನೇ ಒಪ್ಪಿಕೊಂಡ.”

ಅಕ್ಕ ಇನ್ನೊಂದು ಮೂಲೆಯಲ್ಲಿ ಮುಂದಿನ ಕೆಲಸ ಹಿಡಿದು ಕೂತಿದ್ದಳು, ನೋಡಲಿಲ್ಲ. ಮನೆಯಿಂದ ಅತ್ತೆಯ ಫೋನ್ ಬಂತು.

“ಏನೇ, ಮೂವತ್ತು ವರ್ಷ ನನ್ನ ಹತ್ರ ಕಲಿತು ಇದೇನಾ ನೀನು ಬರೆಯೋದು? ಆ ಮನುಷ್ಯ ಎಲ್ಲರ ಹಾಗೆ ಅನ್ನೋದಕ್ಕೆ ಬಾಯಿ ತೆರೆದಿದ್ದ. ತುಟಿ ನೋಡಿದರೇ ಗೊತ್ತಾಗುತ್ತೆ. ಅಷ್ಟರಲ್ಲಿ ಕತ್ತರಿಸಿಬಿಟ್ಟಿದ್ದೀರಿ.”

“ನಾನು ಪೂರ್ತಿ ಬರೆದುಕೊಟ್ಟಿದ್ದೆ ಅತ್ತೆ.”

“ಹಾಗಾದರೆ ಉಳಿದದ್ದನ್ನು ಯಾರು ನುಂಗಿದರು?”

ಅಕ್ಕ ಎದ್ದು ಹೋಗಿ ಪರದೆಯ ಮೇಲೆ ಓಡುತ್ತಿದ್ದ ಕೆಂಪು ಪಟ್ಟಿ ಓದಿದಳು.

ಹನ್ನೊಂದೂವರೆಗೆ ಕಡ್ಡಿಯ ಫೋನ್ ಬಂತು. ಅವನು ಯಾವಾಗಲೂ ‘ಅಕ್ಕ, ಎದ್ದಿದ್ದೀಯಾ’ ಅಂತಲೇ ಮಾತು ಶುರುಮಾಡುತ್ತಿದ್ದ, ಮಧ್ಯಾಹ್ನ ಮಾಡಿದರೂ. ಈ ಸಲ ಅದಿರಲಿಲ್ಲ.

“ನಮಸ್ಕಾರ. ನೀವು ಅನುವಾದದ ವಿಭಾಗದವರಾ?”

ನೀವು ಅಂದ ಕೂಡಲೇ ಅಕ್ಕನಿಗೆ ಗೊತ್ತಾಯಿತು: ಅವನ ಪಕ್ಕದಲ್ಲಿ ಬಂದೂಕಿನವರು ಯಾರೋ ಕೂತು ಕೇಳಿಸಿಕೊಳ್ಳುತ್ತಿದ್ದರು.

“ಹೌದು, ಹೇಳಿ,” ಅಂದಳು ಅವನ ಭಾಷೆಯಲ್ಲೇ.

“ಇವತ್ತಿನ ವಾರ್ತೆ ಇಲ್ಲಿಯವರೂ ನೋಡಿದ್ದಾರೆ. ಬೇಕರಿಯವನೂ ನಾನೂ ಸೇರಿ ಶತ್ರುಗಳಿಗೆ ಜಾಗ ತೋರಿಸಿಕೊಟ್ಟೆವು ಅಂತ ತಿಳ್ಕೊಂಡಿದ್ದಾರೆ. ಅವನು ಹೇಳಿದ್ದು ಹಾಗಲ್ಲ ಅಂದರೆ ನಂಬ್ತಿಲ್ಲ. ನಿಮ್ಮ ಹತ್ರ ಬಂದಿರೋ ಎರಡು ನಿಮಿಷದ ವಿಡಿಯೊ ಪೂರ್ತಿ ಕಳಿಸಿ. ನನ್ನ ಫೋನಲ್ಲಿ ಇಲ್ಲ. ಒಂದು ಗಂಟೆಯೊಳಗೆ ಕಳಿಸಬೇಕಂತೆ.”

“ಇಲ್ಲದಿದ್ದರೆ?”

ಆ ಕಡೆ ಇನ್ನೊಂದು ಗಂಡಸಿನ ದನಿ ನಿಧಾನವಾಗಿ ಹೇಳಿತು, “ಇಲ್ಲದಿದ್ದರೆ ಇವರಿಬ್ಬರ ಬಗ್ಗೆ ನಾವೇ ತೀರ್ಮಾನ ಮಾಡ್ತೀವಿ.” ಫೋನ್ ಕಟ್ಟಾಯಿತು.

ಕಳಿಸಿದ ವಿಡಿಯೊವನ್ನು ಆ ಕ್ಷಣವೇ ಫೋನಿನಿಂದ ಅಳಿಸು, ದಾರಿಯಲ್ಲಿ ತಡೆದು ನೋಡುತ್ತಾರೆ ಅಂತ ಕಡ್ಡಿಗೆ ಹೇಳಿಕೊಟ್ಟಿದ್ದೇ ಚಾನೆಲ್ಲು. ಈಗ ಪೂರ್ತಿ ಪ್ರತಿ ಇದ್ದದ್ದು ಆಫೀಸಿನಲ್ಲಿ ಮಾತ್ರ.

ಅಕ್ಕ ಮುಖ್ಯಸ್ಥರ ಕೋಣೆಗೆ ನುಗ್ಗಿದಳು. ಅವರು ಕೆಟ್ಟವರೇನಲ್ಲ. ಅವಳ ಗಂಡನಿಗೆ ಆಪರೇಷನ್ ಆದಾಗ ಆಸ್ಪತ್ರೆಯ ಬೆಂಚಿನ ಮೇಲೆ ಅರ್ಧ ದಿನ ಕೂತಿದ್ದವರು. ಅವಳು ಹೇಳಿದ್ದನ್ನೆಲ್ಲ ಕೇಳಿ ಮುಖ ಉಜ್ಜಿಕೊಂಡರು.

“ಪಟ್ಟಿ ನಾನು ಬರೆದದ್ದಲ್ಲ, ಮೇಲಿನಿಂದ ಬಂದದ್ದು. ಈಗ ತಿದ್ದಿದರೆ ಸುಳ್ಳು ಹೇಳಿದೆವು ಅಂತ ಒಪ್ಪಿಕೊಂಡ ಹಾಗೆ. ಹೊರಗಿನವರಿಗೆ ವಿಡಿಯೊ ಕಳಿಸೋಕೆ ನನಗೆ ಅಧಿಕಾರ ಇಲ್ಲ. ಮಾಲೀಕರಿಗೆ ಬರೀತೀನಿ. ಸಂಜೆ ಒಳಗೆ ಉತ್ತರ ಬರಬಹುದು.”

“ಸಂಜೆಗೆ ಅವರು ಇರ್ತಾರಾ ಸರ್?”

ಅವರು ಕಂಪ್ಯೂಟರಿನ ಕಡೆ ತಿರುಗಿ ಮಾಲೀಕರಿಗೆ ಬರೆಯತೊಡಗಿದರು. ಒಂದೊಂದೇ ಅಕ್ಷರ ಒತ್ತುತ್ತಿದ್ದರು. ಅಕ್ಕ ಹೊರಬಂದಳು.

ಎಡಿಟಿಂಗ್ ಕೋಣೆ ಖಾಲಿಯಿತ್ತು. ಬಾಗಿಲು ಹಾಕಿಕೊಂಡು ವಿಡಿಯೊ ಹುಡುಕಿ ತೆರೆದಳು. ಗಡಿಯಾರದಲ್ಲಿ ಹನ್ನೆರಡು ಆಗಲು ಎರಡು ನಿಮಿಷ. ವಿಡಿಯೊದ ಅಳತೆ ನೋಡಿದಳು: ಎರಡು ನಿಮಿಷ ನಲವತ್ತು ಸೆಕೆಂಡು.

ಎರಡು ನಿಮಿಷ ಅಂದಿದ್ದನಲ್ಲ. ಅಳತೆಯ ವಿಷಯದಲ್ಲಿ ಕಡ್ಡಿ ಒಂದು ಸೆಕೆಂಡೂ ತಪ್ಪುವವನಲ್ಲ. ಅಕ್ಕ ಹೆಡ್‌ಫೋನ್ ಹಾಕಿಕೊಂಡು ಮೊದಲಿಂದ ಕೇಳತೊಡಗಿದಳು.

ಎರಡು ನಿಮಿಷದವರೆಗೆ ಬೇಕರಿಯವನು ಸಾಲಿನ ಬಗ್ಗೆ, ಒಲೆಯ ಬಗ್ಗೆ, ಅವಶೇಷದಡಿ ಸಿಕ್ಕಿದ ತನ್ನ ನಾದಿನಿಯ ಬಗ್ಗೆ ಹೇಳಿದ. ಆಮೇಲೆ ಒಂದು ಕ್ಷಣ ಸುಮ್ಮನಾಗಿ ಕ್ಯಾಮೆರಾದ ಹತ್ತಿರ ಬಂದ.

“ಇದನ್ನೂ ಹಾಕು. ಬಂದೂಕಿನವರ ಇಬ್ಬರು ಮೂರು ದಿನದಿಂದ ನನ್ನ ಮಾಳಿಗೆ ಮೇಲೆ ದುರ್ಬೀನು ಹಿಡಿದು ಕೂತಿದ್ದರು. ಕೆಳಗೆ ಹೆಂಗಸರು ಮಕ್ಕಳು ನಿಲ್ತಾರೆ, ಇಳೀರಿ ಅಂತ ಕೈ ಮುಗಿದೆ. ಇಳಿಯಲಿಲ್ಲ. ವಿಮಾನದ ಸದ್ದು ಕೇಳಿದಾಗ ಅವರು ಓಡಿಹೋದರು. ನಾವು ಸಾಲಲ್ಲಿದ್ದೆವು. ವಿಮಾನದವನೂ ಕೊಂದ, ಮಾಳಿಗೆಯವನೂ ಕೊಂದ. ಎರಡನ್ನೂ ಹಾಕು.”

ಅಕ್ಕ ಹೆಡ್‌ಫೋನ್ ತೆಗೆದಿಟ್ಟಳು. ಬೆಳಿಗ್ಗೆ ಪೂರ್ತಿ ಕೇಳಿದ್ದರೆ ಅನ್ನಿಸಿತು. ಒಂದು ನಿಮಿಷ ಸಾಕು ಅಂದಾಗ ತಾನೂ ಸಾಕು ಅಂದುಕೊಂಡಿದ್ದಳು.

ಇದನ್ನು ಹೀಗೇ ಕಳಿಸಿದರೆ ಮೊದಲ ಎರಡು ನಿಮಿಷ ಅವನನ್ನು ಉಳಿಸುತ್ತದೆ, ಕೊನೆಯ ನಲವತ್ತು ಸೆಕೆಂಡು ಕೊಲ್ಲುತ್ತದೆ. ಕತ್ತರಿಸಿ ಕಳಿಸಿದರೆ, ಬೆಳಿಗ್ಗೆ ಇದೇ ಕುರ್ಚಿಯಲ್ಲಿ ಕೂತು ಕತ್ತರಿಸಿದವರಿಗೂ ತನಗೂ ಏನು ವ್ಯತ್ಯಾಸ? ಯೋಚಿಸುತ್ತಾ ಕೂರಲು ಹೊತ್ತಿರಲಿಲ್ಲ. ಎಡಿಟಿಂಗ್ ಅವಳ ಕೆಲಸವಲ್ಲ. ಪಕ್ಕದಲ್ಲಿ ಕೂತು ನೋಡಿದ್ದಷ್ಟೇ. ಮೊದಲ ಸಲ ತಪ್ಪಾಗಿ ನಾದಿನಿಯ ಮಾತೇ ಹೋಯಿತು. ಎರಡನೆಯ ಸಲ ‘ಇದನ್ನೂ’ ಅನ್ನುವ ಪದ ಉಳಿದುಬಿಟ್ಟಿತು. ಆ ಒಂದು ಪದ ಕೇಳಿದರೆ ಸಾಕು, ಮುಂದೇನೋ ಇದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಬಾಗಿಲು ತಟ್ಟಿದ ಸದ್ದಾಯಿತು. “ಐದೇ ನಿಮಿಷ,” ಅಂತ ಕೂಗಿದಳು. ಹೊರಗಿದ್ದವರು ಹೋದರು. ಮೂರನೆಯ ಸಲ ಸರಿಯಾಗಿ, ಅವನು ಸುಮ್ಮನಾದ ಜಾಗಕ್ಕೇ ನಿಂತಿತು.

ಹನ್ನೆರಡು ಹದಿನಾರಕ್ಕೆ ಕಡ್ಡಿಯ ನಂಬರಿಗೆ ಕಳಿಸಿದಳು.

ತಲುಪಿದ ಗುರುತು ಬಂತು. ನೋಡಿದ ಗುರುತು ಬಂತು. ಆಮೇಲೆ ಏನೂ ಇಲ್ಲ. ಹನ್ನೆರಡೂವರೆ ಆಯಿತು. ಮುಖದ ಬೆವರು ಒರೆಸಿಕೊಳ್ಳಲೂ ಅವಳು ಫೋನ್ ಕೆಳಗಿಡಲಿಲ್ಲ. ಒಂದಕ್ಕೆ ಹತ್ತು ನಿಮಿಷವಿದ್ದಾಗ ಎರಡೇ ಪದ ಬಂದವು. “ಬಿಟ್ಟರು, ಅಕ್ಕ.”

ಅವಳು ಎದ್ದು ಹೋಗಿ ಮುಖ್ಯಸ್ಥರಿಗೆ ಎಲ್ಲ ಹೇಳಿದಳು. ಬಚ್ಚಿಡಬೇಕು ಅಂತ ಅನ್ನಿಸಲೇ ಇಲ್ಲ.

ಅವರು ಕೊನೆಯ ನಲವತ್ತು ಸೆಕೆಂಡನ್ನು ಅವಳಿಂದ ಎರಡು ಸಲ ಅನುವಾದ ಮಾಡಿಸಿ ಕೇಳಿದರು.

“ಹಾಗಾದರೆ ನಾವು ಹೇಳಿದ್ದು ಪೂರಾ ಸುಳ್ಳೇನಲ್ಲ. ಮಾಳಿಗೆ ಮೇಲೆ ಅವರಿದ್ದರು. ಇದನ್ನು ಎರಡು ಗಂಟೆಗೆ ಹಾಕಿದರೆ ಯಾರೂ ಬಾಯಿ ಬಿಡೋಹಾಗಿಲ್ಲ.”

“ಹಾಕಿ ಸರ್. ನಾಲ್ಕು ಗಂಟೆಗೆ ಅವನ ಹೆಣದ ವಿಡಿಯೊ ಬರುತ್ತೆ. ಕಳಿಸೋಕೆ ಕಡ್ಡಿ ಮಾತ್ರ ಇರಲ್ಲ.”

“ನೀವೂ ಕತ್ತರಿಸಿದ್ದೀರಲ್ಲ ಅಕ್ಕ.”

“ಹೌದು, ಕತ್ತರಿಸಿದೆ.”

ಅವರು ಪರದೆಯ ಮೇಲೆ ನಿಂತಿದ್ದ ಬೇಕರಿಯವನ ಮುಖ ನೋಡಿದರು. ಕೊನೆಗೆ ಕಂಪ್ಯೂಟರ್ ಮುಚ್ಚಿದರು. “ಹಾಕಲ್ಲ. ಆದರೆ ಬೆಳಗಿನದ್ದನ್ನು ತಿದ್ದೋಕೂ ನನ್ನ ಕೈಲಾಗಲ್ಲ. ನೀವು ಕಳಿಸಿದ್ದು ಮಾಲೀಕರಿಗೆ ಗೊತ್ತಾದರೆ ನಿಮ್ಮನ್ನು ಇಟ್ಟುಕೊಳ್ಳೋದೂ ಆಗಲ್ಲ.”

“ಅವರಿಗೆ ಗೊತ್ತಾಗೋವರೆಗೆ ಯಾಕೆ ಕಾಯಬೇಕು,” ಅಂದಳು ಅಕ್ಕ. ಹೆಡ್‌ಫೋನನ್ನು ಅವರ ಮೇಜಿನ ಮೇಲಿಟ್ಟು, ಚೀಲ ಹೆಗಲಿಗೇರಿಸಿ ಹೊರಟಳು. ಕೆಂಪು ಪಟ್ಟಿ ಅವತ್ತು ರಾತ್ರಿಯವರೆಗೂ ಓಡುತ್ತಲೇ ಇತ್ತು.

ಎರಡು ತಿಂಗಳು ಅವಳಿಗೆ ಕೆಲಸವಿರಲಿಲ್ಲ. ಅತ್ತೆ ಆ ಚಾನೆಲ್ಲನ್ನು ನೋಡುವುದು ಬಿಟ್ಟರು; ಬೇರೆ ಚಾನೆಲ್ಲುಗಳನ್ನು ಹಾಕಿಕೊಂಡು ಅವುಗಳಿಗೂ ಬೈಯುತ್ತಿದ್ದರು. ಒಂದು ಬೆಳಿಗ್ಗೆ ಹೊಸ ನಂಬರಿನಿಂದ ಫೋನ್ ಬಂತು.

“ಅಕ್ಕ, ಎದ್ದಿದ್ದೀಯಾ?”

ಊರು ಬಿಟ್ಟು ಬಂದಿದ್ದೇವೆ ಅಂದ ಕಡ್ಡಿ. ಬೇಕರಿಯವನ ಸಂಸಾರವೂ ಜೊತೆಗಿದೆ, ಬಂದೂಕಿನವರ ಕೈಗೆ ಸಿಗದ ಜಾಗದಲ್ಲಿದ್ದೇವೆ, ನಿರಾಶ್ರಿತರ ಶಿಬಿರ. “ಅವನು ನಿನ್ನ ಹತ್ರ ಮಾತಾಡಬೇಕಂತೆ. ಸಿಟ್ಟಲ್ಲಿದ್ದಾನೆ, ಸ್ವಲ್ಪ ಸಹಿಸ್ಕೋ.”

ಅಕ್ಕ ಬೇಕರಿಯವನ ದನಿಯನ್ನು ಎಷ್ಟೋ ಸಲ ಕೇಳಿದ್ದಳು. ಅವನು ಅವಳದ್ದನ್ನು ಕೇಳಿದ್ದು ಅದೇ ಮೊದಲು.

“ಕೊನೆಯ ಮಾತು ತೆಗೆದದ್ದು ನೀವಾ?”

“ನಾನೇ ಅಣ್ಣ.”

“ಯಾಕೆ?”

“ನಿಮ್ಮನ್ನು ಬಿಡಲ್ಲ ಅನ್ನಿಸ್ತು.”

“ಅದು ನನಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದೆ. ಅದನ್ನು ಹೇಳೋಕೇ ನಾನು ಕ್ಯಾಮೆರಾ ಮುಂದೆ ನಿಂತಿದ್ದು. ನನ್ನ ನಾದಿನಿ ಸತ್ತದ್ದಕ್ಕೆ ಒಬ್ಬರ ಮೇಲಷ್ಟೇ ತಪ್ಪು ಹೊರಿಸಿ ನಾನು ಬದುಕಿಕೊಂಡ ಹಾಗಾಯ್ತಲ್ಲ.” ಆಮೇಲೆ ಅಂದ, “ನನ್ನ ಹೆಂಡತಿಯಂತೂ ನಿಮಗೆ ಒಳ್ಳೇದಾಗಲಿ ಅಂತಾಳೆ. ಅವಳ ಹತ್ರ ನನ್ನ ಜಗಳ ಇನ್ನೂ ಮುಗಿದಿಲ್ಲ.”

ಅಕ್ಕ ಕ್ಷಮೆ ಕೇಳಲಿಲ್ಲ. ಕೇಳಿದರೆ ಸುಳ್ಳಾಗುತ್ತಿತ್ತು. ಮತ್ತೊಮ್ಮೆ ಆ ಒಂದು ಗಂಟೆ ಬಂದರೆ ಮತ್ತೆ ಹಾಗೇ ಮಾಡುತ್ತೇನೆ ಅಂತ ಅವಳಿಗೆ ಗೊತ್ತಿತ್ತು. “ಈಗ ಹೇಳ್ತೀರಾ? ಹೇಳಿದ ಹಾಗೇ ಬರ್ಕೊಳ್ತೀನಿ,” ಅಂದಳು.

“ಹೇಳ್ತೀನಿ. ಮೊದಲು ಸಾಲಲ್ಲಿ ನಿಂತಿದ್ದವರ ಹೆಸರು ಬರ್ಕೊಳ್ಳಿ. ಏಳೂ ಜನರದ್ದು.”

ಅತ್ತೆ ಪಕ್ಕದಲ್ಲಿ ಬಂದು ಕೂತರು. ಅರ್ಥವಾಗದ ಹಳ್ಳಿ ಮಾತು ಬಂದಲ್ಲೆಲ್ಲ ಬಿಡಿಸಿ ಹೇಳಿದರು. ಬರೆದು ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಕ್ಕ ಪೂರ್ತಿ ಓದಿ ಹೇಳಿದಳು, ಅವನು ಎರಡು ಕಡೆ ತಿದ್ದಿಸಿದ.

ಮೂರು ಪತ್ರಿಕೆಗಳು ಬೇಡ ಅಂದವು. ನಾಲ್ಕನೆಯದು, ಎರಡು ಕೋಣೆಯ ಆಫೀಸಿನ ಒಂದು ವಾರಪತ್ರಿಕೆ, ಒಂದಕ್ಷರ ಬಿಡದೆ ಹಾಕಿತು. ಆ ವಾರ ಅಕ್ಕನಿಗೆ ದೇಶದ್ರೋಹಿ ಅಂತ ಇಪ್ಪತ್ತು ಕರೆ ಬಂದವು. ಗಡಿಯಾಚೆಯಿಂದ, ಬಂದೂಕಿನವರ ಪರವಾಗಿ, ಅಷ್ಟೇ ಕೊಳಕಾಗಿ ಬೈದವರೂ ಇದ್ದರು. ಆ ಕರೆಗಳನ್ನು ಅತ್ತೆಯೇ ತೆಗೆದುಕೊಂಡು ಅವರದೇ ಭಾಷೆಯಲ್ಲಿ ಉತ್ತರ ಕೊಟ್ಟರು. ಮುಖ್ಯಸ್ಥರು ಮಾತ್ರ ಕರೆ ಮಾಡಲಿಲ್ಲ. ಆದರೆ ಆ ಸಂಚಿಕೆಯ ಹತ್ತು ಪ್ರತಿ ಅವರು ತರಿಸಿಕೊಂಡರು ಅಂತ ವಾರಪತ್ರಿಕೆಯವರು ಹೇಳಿದರು.