ಅರವತ್ತೇಳರ ಹೇಮರಾಜ್

ಆ ಫ್ಯಾನು ತಾಳ ತಪ್ಪುತ್ತಿದೆ, ಮೂರು ಸುತ್ತು ಸರಿ, ನಾಲ್ಕನೆಯದಕ್ಕೆ ಟಕ್ ಎಂದು ಅರ್ಧ ಮಾತ್ರೆ ಹಿಂದೆ ಬೀಳುತ್ತಿದೆ, ಇಷ್ಟು ದೊಡ್ಡ ಕನ್ನಡ ಸಂಘ, ಗೋಡೆಯ ತುಂಬ ಮಾಜಿ ಅಧ್ಯಕ್ಷರ ಫೋಟೋ, ಒಂದು ಫ್ಯಾನು ರಿಪೇರಿ ಮಾಡಿಸಲಿಕ್ಕೆ ಇವರಿಗೆ ಪುರುಸೊತ್ತಿಲ್ಲ — ಅಥವಾ ಫ್ಯಾನು ಸರಿಯಾಗಿಯೇ ಇದ್ದು ನನ್ನ ಎದೆಯೇ ಮುಂದೆ ಓಡುತ್ತಿದೆಯೋ, ಹಾಗೂ ಇರಬಹುದು, ಚೆನ್ನಯ, ಸತ್ಯ ಹೇಳು, ಹೆದರಿಕೆ ಆಗುತ್ತಿದೆಯಲ್ಲ ನಿನಗೆ, ಆಗುತ್ತಿದೆ, ನಲವತ್ತೈದು ವರ್ಷ ಸ್ಟೇಜ್ ಹತ್ತಿದವನಿಗೆ ಮುಂಬಯಿಯ ಮಾಟುಂಗದ ಈ ಮೂರನೇ ಮಾಳಿಗೆಯಲ್ಲಿ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಇಡ್ಲಿ ತಿಂದು ಬಂದು ಕೂತ ನೂರು ಚಿಲ್ಲರೆ ಜನರ ಎದುರು ಹೆದರಿಕೆ. ಹಿಂದೆ ಬ್ಯಾನರ್, ನೂರು ವರ್ಷದ ಮೇಲೆ ಯಾರ ಹಾಡು ಉಳಿದೀತು, ದೊಡ್ಡ ಪ್ರಶ್ನೆ, ಅಕ್ಷರವೂ ದೊಡ್ಡದು. ನಾಲ್ಕು ಕುರ್ಚಿ, ನಾಲ್ಕು ಜನ, ಒಬ್ಬೊಬ್ಬರೂ ಒಬ್ಬ ಜನಪ್ರಿಯ ಗಾಯಕನ ಪರವಾಗಿ ಎರಡು ಮಾತು ಹೇಳಿ ಒಂದು ಹಾಡು ಹಾಡಬೇಕಂತೆ, ಕೊನೆಗೆ ಸಭೆ ಕೈ ಎತ್ತಬೇಕಂತೆ, ಯಾರ ಗಾಯಕನಿಗೆ ಹೆಚ್ಚು ಕೈಯೋ ಅವನು ನೂರು ವರ್ಷ ಬದುಕಿದ ಹಾಗೆ. ಇದು ಶೀತಲಳ ಐಡಿಯಾ, ಕಾಲೇಜಿನಲ್ಲಿ ಪಾಠ ಹೇಳುವವಳು, ಅವಳ ಕೈಯಲ್ಲೇ ಮೈಕು. ಇಬ್ಬರದ್ದು ಮುಗಿಯಿತು, ಈಗ ಹಿತೇಶ್ ಎಂಬ ಯುವಕ ಎದ್ದಿದ್ದಾನೆ, ಅವನ ನಂತರ ನಾನು. ನನ್ನ ವಕಾಲತ್ತು ಸಿನೆಮಾ ಗಾಯಕ ಹೇಮರಾಜನದ್ದು, ಬೇರೆ ಯಾರದ್ದು ಮಾಡಲಿ, ಬೇರೆ ಯಾರೂ ನನ್ನೊಳಗೆ ಇಲ್ಲ.

ವಾಯ್ಸ್ ಆಫ್ ಹೇಮರಾಜ್ ಎಂದು ಆರ್ಕೆಸ್ಟ್ರಾದ ಪೋಸ್ಟರಿನಲ್ಲಿ ದಪ್ಪಕ್ಕೆ ಬರೆಯುತ್ತಿದ್ದರು, ಕೆಳಗೆ ಸಣ್ಣದಾಗಿ ಚೆನ್ನಯ, ಜಾಗ ಸಾಲದಿದ್ದರೆ ಅದೂ ಇಲ್ಲ, ನನಗೇನೂ ಬೇಸರವಿರಲಿಲ್ಲ, ದೇವರನ್ನು ಹೊತ್ತವನಿಗೂ ಜನ ಕೈ ಮುಗಿಯುತ್ತಾರಲ್ಲ. ಹದಿನೆಂಟಕ್ಕೆ ಕಾಪುವಿನಿಂದ ಬಂದು ಫೋರ್ಟಿನ ಹೋಟೆಲಿನಲ್ಲಿ ಸಪ್ಲೈಯರ್ ಆದೆ, ಗಲ್ಲಾದ ಮೇಲೊಂದು ರೇಡಿಯೋ, ಅದರಲ್ಲಿ ಹೇಮರಾಜ್ ಬಂದರೆ ನನ್ನ ಎರಡು ಮಸಾಲೆ ಒಂದು ಸಾದಾ ಎಂಬ ಕೂಗೂ ಅವನ ಶ್ರುತಿಗೇ ಹತ್ತುತ್ತಿತ್ತು, ಬ್ಯಾಂಕಿನ ಗುಮಾಸ್ತರು ತಟ್ಟೆ ಬಿಟ್ಟು ನೋಡುತ್ತಿದ್ದರು, ಧಣಿಗಳು ಹೇಳುವುದು, ಚೆನ್ನಯ, ನೀನು ಮೊದಲು ಸಾಂಬಾರು ತಾ ಮಾರಾಯ, ಆಲಾಪ ಆಮೇಲೆ ತಂದರೆ ಸಾಕು. ಅವನು ಎಲ್ಲಿ ಉಸಿರು ಎಳೆಯುತ್ತಾನೆ, ಯಾವ ಅಕ್ಷರವನ್ನು ಮೂಗಿಗೆ ತಳ್ಳುತ್ತಾನೆ, ಯಾವ ಸಾಲಿನ ಕೊನೆಯಲ್ಲಿ ನಕ್ಕ ಹಾಗೆ ಮಾಡಿ ನಗುವುದಿಲ್ಲ, ಎಲ್ಲ ಕಲಿತೆ, ಸ್ವಂತ ಅಪ್ಪ ಹೇಗೆ ಕೆಮ್ಮುತ್ತಿದ್ದ ಎಂಬುದು ಮರೆತಿದೆ, ಹೇಮರಾಜ್ ಕೆಮ್ಮಿದರೆ ಹೇಗಿರುತ್ತಿತ್ತು ಎಂದು ಹೇಳಬಲ್ಲೆ. ಹೆಂಡತಿ ವಿನೋದಿನಿಗೂ ಬಾಯಿಪಾಠ. ನಾನು ಹಾಡುವಾಗ ಎದುರು ಕೂತು ನನ್ನ ಉಸಿರಿನ ಜಾಗದಲ್ಲೆಲ್ಲ ಅವಳೂ ಬಾಯಿ ತೆರೆದು ಉಸಿರೆಳೆಯುತ್ತಾಳೆ, ಮದುವೆಯಾದ ವರ್ಷದಿಂದ ಹೀಗೇ, ಕೇಳಿದರೆ ಇಲ್ಲಪ್ಪ, ನಾನು ಯಾಕೆ ಎಳೀಲಿ ಅನ್ನುತ್ತಾಳೆ. ಅಕೋ, ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ಪಕ್ಕದಲ್ಲಿ ಮಗಳು ನಿಶಾ. ನಮ್ಮ ಕಸುಬಿಗೆ ಒಂದೇ ಧರ್ಮ, ಒರಿಜಿನಲ್ ಯಾವ ಶ್ರುತಿಯಲ್ಲಿ ಇದೆಯೋ ಅದೇ ಶ್ರುತಿ, ಹಾರ್ಮೋನಿಯಂನ ಒಂದು ಮನೆ ಕೂಡ ಕೆಳಗಿಳಿಯುವ ಹಾಗಿಲ್ಲ, ಇಳಿಸಿ ಹಾಡಿದವನು ಗೆದ್ದ ಹಾಗಲ್ಲ, ಕದ್ದ ಹಾಗೆ. ಇವತ್ತು ಹಾಡಬೇಕಾದ ಕಿಟಕಿಯ ಹಾಡಿನ ಶ್ರುತಿ ಹಾರ್ಮೋನಿಯಂನ ಎರಡನೇ ಕಪ್ಪು ಮನೆ, ಕಪ್ಪು ಎರಡು. ನಾಯಕ ಮುಚ್ಚಿದ ಕಿಟಕಿಯ ಕೆಳಗೆ ನಿಂತು, ತೆರೆ ತೆರೆ ಎಂದು ಬೇಡುವ ಹಾಡು, ಚರಣದಲ್ಲಿ ಸ್ವರ ಸೀದಾ ಮೇಲಿನ ಷಡ್ಜಕ್ಕೆ ಹಾರಿ ಅಲ್ಲೇ ನಿಲ್ಲಬೇಕು, ನಾನು ನಿಲ್ಲಿಸುತ್ತಿದ್ದೆ, ಚೆಂಬೂರಿನಲ್ಲಿ ಒಮ್ಮೆ ನಿಲ್ಲಿಸಿದ್ದಕ್ಕೆ ಒಬ್ಬರು ತಮ್ಮ ಕೈಗಡಿಯಾರ ಬಿಚ್ಚಿ ಕೊಟ್ಟಿದ್ದರು.

ಹೋದ ಗಣಪತಿ ಹಬ್ಬಕ್ಕೆ ಅದೇ ಷಡ್ಜ ಒಡೆಯಿತು. ಸಯನ್ನಿನಲ್ಲಿ, ನಮ್ಮದೇ ಬಿಲ್ಡಿಂಗಿನ ಅಂಗಳದಲ್ಲಿ, ಎಲ್ಲಿ ನನ್ನನ್ನು ಚೆನ್ನಯಣ್ಣ ಎಂದು ಮೊದಲ ಸಾಲಿನಲ್ಲಿ ಕೂರಿಸುತ್ತಾರೋ ಅಲ್ಲೇ, ಷಡ್ಜದ ಹೊಸ್ತಿಲಲ್ಲಿ ಗಂಟಲು ಎರಡಾಗಿ ಸೀಳಿ ಒಂದು ತುಂಡು ಮೇಲೆ ಇನ್ನೊಂದು ತುಂಡು ಕೆಳಗೆ, ಮತ್ತೆ ಪ್ರಯತ್ನಿಸಿದೆ, ಮತ್ತೆ ಸೀಳಿತು, ಆಗ ಚಪ್ಪಾಳೆ ತಟ್ಟಿದರು ನೋಡಿ, ಅದು, ಆ ಚಪ್ಪಾಳೆ, ಬಿದ್ದ ಮುದುಕನನ್ನು ಎತ್ತುವಾಗ ಏನೂ ಆಗಿಲ್ಲ ಏನೂ ಆಗಿಲ್ಲ ಅನ್ನುತ್ತಾರಲ್ಲ ಹಾಗಿತ್ತು. ಡಾಕ್ಟರು ಟಾರ್ಚು ಬಿಟ್ಟು ನೋಡಿದರು, ಏನೂ ದೋಷ ಇಲ್ಲ ಕಾಕಾ, ಉಮರ್ ಹೈ, ವಯಸ್ಸು ಅಷ್ಟೇ. ಅಂದಿನಿಂದ ಬಚ್ಚಲಲ್ಲಿ ಕೂಡ ಹಾಡಿಲ್ಲ. ಇವತ್ತೇ ಮೊದಲು, ಒಡೆದರೆ ಇವತ್ತೇ ಕೊನೆ, ಇದನ್ನು ಯಾರಿಗೂ ಹೇಳಿಲ್ಲ, ಬೆಳಿಗ್ಗೆ ದೇವರಿಗೆ ದೀಪ ಇಡುವಾಗ ಹೇಳಿದ್ದು ಮಾತ್ರ, ಒಡೆದರೆ ಮೈಕು ಮುಟ್ಟುವುದಿಲ್ಲ. ನನ್ನದು ಹೋಗಲಿ, ಅವನದ್ದು, ಅವನನ್ನು ಉಳಿಸುತ್ತೇನೆಂದು ಸ್ಟೇಜ್ ಹತ್ತಿ ಅವನ ಹಾಡನ್ನೇ ಸೀಳಿಬಿಟ್ಟರೆ, ಇಂಥವನನ್ನು ಯಾಕೆ ನೆನಪಿಡಬೇಕು ಎಂದು ಈ ಮಕ್ಕಳು ಕೇಳಿದರೆ.

ಇವತ್ತು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನಿಶಾ ಮೊಬೈಲಿನಲ್ಲಿ ಹುಡುಕಿದಳು, ಪಪ್ಪಾ, ಹೇಮರಾಜ್ ಅಂತ ಹಾಕಿದರೆ ಮೊದಲು ಒಂದು ಜ್ಯುವೆಲರ್ ಬರ್ತಾ ಇದೆ, ಆಮೇಲೆ ಒಬ್ಬ ಜಿಮ್‌ವಾಲಾ, ಸಿಂಗರ್ ತುಂಬಾ ನೀಚೆ, ಕೆಳಗೆಲ್ಲೋ ಇದ್ದಾರೆ, ನಗಬೇಡ ಎಂದೆ, ನಕ್ಕಳು, ನಾನೂ ನಕ್ಕೆ. ಒಂದು ಕಾಲದಲ್ಲಿ ಲೋಕಲ್ ಟ್ರೈನಿನಲ್ಲಿ ಯಾವ ಡಬ್ಬಿ ಹತ್ತಿದರೂ ಅವನ ಹಾಡು ಗುನುಗುವವನೊಬ್ಬ ಸಿಗುತ್ತಿದ್ದ, ಜಗತ್ತು ಮುಳುಗಿದರೂ ಇವನು ಮುಳುಗುವುದಿಲ್ಲ ಎಂದು ನಾನು ನನ್ನ ಇಡೀ ಪ್ರಾಯವನ್ನು ಅವನ ಮೇಲೆ ಕಟ್ಟಿದೆ, ಈಗ ಅಸಲಿಯೇ ಮರೆತುಹೋಗುತ್ತಿದ್ದಾನೆ, ಅಸಲಿ ಯಾರೆಂದೇ ಗೊತ್ತಿಲ್ಲದ ಮೇಲೆ ನಕಲಿಯನ್ನು ಏನೆಂದು ಕರೆಯುವುದು. ಯಾರು ನೆನಪಿಟ್ಟರೆಂತ, ಬಿಟ್ಟರೆಂತ, ಈ ಕಷಾಯ ಕುಡೀರಿ ನೋಡುವ, ವಿನೋದಿನಿ ಫ್ಲಾಸ್ಕಿನ ಮುಚ್ಚಳದಲ್ಲಿ ಬಗ್ಗಿಸಿ ಕೊಟ್ಟಳು, ಶುಂಠಿ ಹೆಚ್ಚಾಗಿತ್ತು, ಪ್ರೀತಿ ಹೆಚ್ಚಾದಾಗಲೆಲ್ಲ ಅವಳ ಕೈಯಲ್ಲಿ ಶುಂಠಿ ಹೆಚ್ಚು. ನೆನಪು ಎಂದರೆ ಏನು ಮತ್ತೆ, ನನ್ನ ಅಮ್ಮ ಗದ್ದೆಯಲ್ಲಿ ನೇಜಿ ನೆಡುವಾಗ ಹೇಳುತ್ತಿದ್ದ ತುಳು ಹಾಡು, ಕಬಿತ, ಇದೆಯಲ್ಲ, ಅದನ್ನು ಮೊದಲು ಹೇಳಿದ ಹೆಂಗಸು ಯಾರು, ಹೆಸರಿಲ್ಲ ಊರಿಲ್ಲ, ಕಬಿತ ಮಾತ್ರ ನನಗೆ ಗೊತ್ತು, ನಿಶಾಳಿಗೂ ಎರಡು ಸಾಲು ಗೊತ್ತು, ಅರ್ಥ ಗೊತ್ತಿಲ್ಲ. ಹೆಸರು ಉಳಿಯದೆ ಹಾಡು ಉಳಿಯುವುದು ಒಂದು, ಹಾಡು ಉಳಿಯದೆ ಹೆಸರು ರಸ್ತೆಗೆ ಉಳಿಯುವುದು ಇನ್ನೊಂದು, ಎರಡರಲ್ಲಿ ಯಾವುದು ಬೇಕು ಎಂದು ಹೇಮರಾಜನನ್ನು ಕೇಳಿದವರಿಲ್ಲ. ಎಂಬತ್ತೊಂಬತ್ತರ ಮಳೆಗಾಲದಲ್ಲಿ ಹೋದ, ಹಾರ್ಟು, ನಲವತ್ತೊಂಬತ್ತು ವಯಸ್ಸು, ಆ ವಾರ ನನಗೆ ಎಂದೂ ಇಲ್ಲದಷ್ಟು ಪ್ರೋಗ್ರಾಮು, ಒಂದೇ ದಿನ ಮೂರು ಸ್ಟೇಜು, ಎಲ್ಲರಿಗೂ ಹೇಮರಾಜ್ ಬೇಕು, ಅಸಲಿ ಇಲ್ಲ, ಚೆನ್ನಯನನ್ನು ಕರೆಯಿರಿ, ಹಾಡಿದೆ, ಹಾಡಿ ಮನೆಗೆ ಬಂದು ಅನ್ನದ ತಟ್ಟೆಯ ಮುಂದೆ ಕೂತು ಅತ್ತೆ, ದುಃಖಕ್ಕೋ ನಾಚಿಕೆಗೋ ಇವತ್ತಿಗೂ ಗೊತ್ತಿಲ್ಲ.

ಹಿತೇಶ್ ಶುರು ಮಾಡಿದ್ದಾನೆ, ಅವನ ಗಾಯಕನದ್ದು ರ‍್ಯಾಪ್, ದೇವರೇ ಗತಿ ಅಂದುಕೊಂಡೆ — ನಮಸ್ತೆ, ನಂದು ಕನ್ನಡ ಸ್ವಲ್ಪ ವೀಕ್, ಸಂಭಾಲ್ ಲೇನಾ, ಸುಧಾರಿಸ್ಕೊಳ್ಳಿ, ನಾನು ಏನ್ ಹೇಳ್ತೇನೆ ಅಂದ್ರೆ, ಹಂಡ್ರೆಡ್ ಇಯರ್ಸ್ ಆದ್ಮೇಲೆ ಯಾರದ್ದೂ ವಾಯ್ಸ್ ಯಾದ್ ಇರೋದಿಲ್ಲ, ಬೀಟ್ ಇರ್ತದೆ, ಬಸ್, ಅಷ್ಟೇ. ಬಾಯಲ್ಲೇ ತಾಳ ಹಾಕುತ್ತಾನೆ, ಧಾರಾವಿಯ ಓಣಿ, ನೀರಿನ ಪೈಪು, ಅಮ್ಮನ ಹೊಲಿಗೆ ಮಶೀನು, ಅರ್ಧ ಹಿಂದಿ ಅರ್ಧ ಮರಾಠಿ ನಡುವೆ ಒಂದೆರಡು ಕನ್ನಡ, ಅಯ್ಯೋ, ನನ್ನ ಹೆಬ್ಬೆರಳು ಚಪ್ಪಲಿಯೊಳಗೆ ಕುಣಿಯುತ್ತಿದೆ, ದ್ರೋಹಿ ಹೆಬ್ಬೆರಳು, ನಿಲ್ಲು ಎಂದರೆ ನಿಲ್ಲುವುದಿಲ್ಲ. ಚೆನ್ನಾಗಿ ಮಾಡುತ್ತಾನೆ ಹುಡುಗ, ಹೌದಪ್ಪ ಹೌದು, ಒಪ್ಪಿಕೊಳ್ಳಬೇಕು, ಆ ಹೊಲಿಗೆ ಮಶೀನಿನ ಸಾಲಿಗೆ ನನಗೆ ಮೈ ಜುಮ್ಮೆಂದಿತು, ಹೊಸಬರು ಬರಲಿ, ಬಂದು ತುಂಬಲಿ, ಆದರೆ ಹಳಬರನ್ನು ಹೊರಗೆ ಹಾಕಿಯೇ ತುಂಬಬೇಕೆಂದು ಎಲ್ಲಿದೆ. ಶಿಳ್ಳೆ, ಚಪ್ಪಾಳೆ, ನಿಶಾ ಎದ್ದು ನಿಂತು ಶಿಳ್ಳೆ ಹಾಕುತ್ತಿದ್ದಾಳೆ, ನನ್ನ ಮಗಳೇ. ಶೀತಲ ನನ್ನತ್ತ ತಿರುಗಿ, ಈಗ ನಮ್ಮ ಮುಂಬಯಿ ಕನ್ನಡಿಗರ ಹೆಮ್ಮೆ, ವಾಯ್ಸ್ ಆಫ್ ಹೇಮರಾಜ್, ಅದಕ್ಕೆ ಮೊದಲು ಒಂದು ಸಣ್ಣ ಪ್ರಶ್ನೆ, ಸಭೆಯಲ್ಲಿ ಹೇಮರಾಜ್ ಹಾಡು ಕೇಳಿದವರು ಎಷ್ಟು ಜನ ಇದ್ದೀರಿ. ಏಳು ಕೈ. ವಿನೋದಿನಿಯದ್ದು ಸೇರಿ ಏಳು, ನಿಶಾಳದ್ದು ಸೇರಿ ಎಂಟು, ಅವಳದ್ದು ಅರ್ಧಕ್ಕೇ ಎದ್ದಿದೆ, ಅಪ್ಪನ ಬಾಯಿಂದ ಕೇಳಿದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಸಂಶಯ ಅವಳಿಗೆ.

ಮೈಕಿನ ಮುಂದೆ ನಿಂತೆ, ಹೇಳಬೇಕೆಂದು ಬರೆದುಕೊಂಡು ಬಂದ ಎರಡು ಮಾತು ಜೇಬಿನಲ್ಲೇ ಇದೆ, ತೆಗೆಯಲಿಲ್ಲ, ಕೀಬೋರ್ಡಿನ ಹಿಂದೆ ಆತೀಫ, ಹುಬ್ಬಳ್ಳಿ ಕಡೆಯವರ ಮಗ, ಹುಟ್ಟಿದ್ದು ಇಲ್ಲೇ, ಮನೆಯಲ್ಲಿ ದಖನಿ ಉರ್ದು, ನನ್ನ ಹತ್ತಿರ ಅಜ್ಜಿಯಿಂದ ಕಲಿತ ಕನ್ನಡ, ಗಣಪತಿಯ ಆ ದಿನವೂ ಅವನೇ ನುಡಿಸಿದ್ದ. ಬಗ್ಗಿ ಮೆಲ್ಲಗೆ ಕೇಳುತ್ತಾನೆ, ಚಾಚಾ, ಒಂದೆರಡು ಮನಿ ಇಳಸ್ಲೇನ್ರಿ. ಬೇಡ. ಗುಂಡಿ ಒತ್ತಿದ್ರ ಆತ್ರಿ, ಯಾರಿಗೂ ಗೊತ್ತಾಗೂದುಲ್ಲ. ನನಗೆ ಗೊತ್ತಾಗುತ್ತದಲ್ಲ ಮಾರಾಯ, ಒರಿಜಿನಲ್ ಶ್ರುತಿ ಅಂದರೆ ಒರಿಜಿನಲ್. ಕಪ್ಪು ಎರಡರ ಮೇಲೆ ಬೆರಳಿಟ್ಟ, ಮತ್ತೆ ತೆಗೆದ. ಚಾಚಾ, ಸಿಟ್ಟಾಗಬ್ಯಾಡ್ರಿ, ಹೇಮರಾಜ್ ಸಾಬ್ರು ನಿಮ್ಮ ವಯಸ್ಸಿಗಿ ಬಂದಿದ್ರ, ಅವರೇನ್ ಇದ ಸ್ಕೇಲ್‌ನ್ಯಾಗ ಹಾಡ್ತಿದ್ರೇನ್ರಿ?

ಇಲ್ಲ. ಹಾಡುತ್ತಿರಲಿಲ್ಲ — ಆಗುತ್ತಲೇ ಇರಲಿಲ್ಲ, ಯಾರ ಗಂಟಲಿಗೂ ಆಗುವುದಿಲ್ಲ — ನಿಲ್ಲು, ನಿಲ್ಲು ಚೆನ್ನಯ, ಅವನು ನಲವತ್ತೊಂಬತ್ತಕ್ಕೆ ನಿಂತ, ನಾನು ಅರವತ್ತೇಳು, ಹದಿನೆಂಟು ವರ್ಷ ನಾನು ಅವನಿಗಿಂತ ಮುಂದೆ ಬಂದಿದ್ದೇನೆ, ಅವನ ಧ್ವನಿಯನ್ನು ಹೊತ್ತುಕೊಂಡೇ ಬಂದಿದ್ದೇನೆ, ಅವನ ರೆಕಾರ್ಡಿನಲ್ಲಿ ಅದಕ್ಕೆ ವಯಸ್ಸಾಗಲಿಲ್ಲ, ನನ್ನ ಗಂಟಲಲ್ಲಿ ಆಯಿತು. ಅಂದರೆ ಒಡೆದದ್ದು ನನ್ನದಲ್ಲ, ಅಥವಾ ನನ್ನದೊಂದೇ ಅಲ್ಲ, ಅವನು ಇದ್ದಿದ್ದರೆ ಅವನದ್ದೂ ಅದೇ ಷಡ್ಜದಲ್ಲಿ ಅದೇ ಹೊಸ್ತಿಲಲ್ಲಿ ಒಡೆಯುತ್ತಿತ್ತು, ಮರುದಿನ ಅವನು ಕನ್ನಡಕ ಏರಿಸಿ ಹಾರ್ಮೋನಿಯಂ ಎಳೆದುಕೊಂಡು ಕೆಳಗಿನ ಮನೆ ಹುಡುಕುತ್ತಿದ್ದ, ಎಷ್ಟು ಇಳಿಯುತ್ತಿದ್ದ, ಎರಡಲ್ಲ, ಮೂರು, ನನಗೆ ಗೊತ್ತು, ಭೂಮಿಯ ಮೇಲೆ ಬೇರೆ ಯಾರಿಗೂ ಗೊತ್ತಿಲ್ಲ, ಅವನ ಹೆಂಡತಿ ಮಕ್ಕಳಿಗೂ ಗೊತ್ತಿಲ್ಲ. ಆತೀಫ, ಮೂರು ಮನೆ ಕೆಳಗೆ, ಬಿಳಿ ಒಂದು ಕೊಡು. ಅವನು ನನ್ನ ಮುಖ ನೋಡಿದ, ಶ್ರುತಿ ಇಳಿಸುವ ಗುಂಡಿ ಒತ್ತಲಿಲ್ಲ, ಕೈಯನ್ನೇ ಎಡಕ್ಕೆ ಸರಿಸಿ ಬಿಳಿ ಒಂದರಲ್ಲಿ ನುಡಿಸಿದ, ಗೌರವ ಎಂದರೆ ಇದು. ಶುರು ಮಾಡಿದೆ. ಕೆಳಗಿನ ಶ್ರುತಿಯಲ್ಲಿ ಹಾಡೇ ಬೇರೆಯಾಯಿತು, ತೆರೆ ತೆರೆ ಎನ್ನುವ ಅವಸರವಿಲ್ಲ, ಕಿಟಕಿ ತೆರೆಯಲಿ ಬಿಡಲಿ ನಾನಂತೂ ಇಲ್ಲಿದ್ದೇನೆ ಎಂದು ಹೇಳುವ ಹಾಡು, ಎಷ್ಟೋ ವರ್ಷ ಅದೇ ಕಿಟಕಿಯ ಕೆಳಗೆ ನಿಂತು ಕಾಲು ನೋಯಿಸಿಕೊಂಡವನ ಹಾಡು, ವಿನೋದಿನಿ ಎಂದಿನ ಜಾಗದಲ್ಲಿ ಬಾಯಿ ತೆರೆದು ಉಸಿರೆಳೆದಳು, ನಾನು ಎಳೆಯಲಿಲ್ಲ, ಆ ಜಾಗ ದಾಟಿ ಎರಡು ಅಕ್ಷರ ಮುಂದೆ ಹೋಗಿ ಎಳೆದೆ, ಅವಳು ಬೆಚ್ಚಿ ನೋಡಿದಳು, ನಲವತ್ತು ವರ್ಷದಲ್ಲಿ ಮೊದಲ ಸಲ ತಪ್ಪಿದಳು. ಚರಣ ಬಂತು. ಷಡ್ಜ ಬಂತು. ಒಡೆಯಲಿಲ್ಲ, ಹೊಳೆಯಲೂ ಇಲ್ಲ, ನಿಂತಿತು, ಅಂಚಿನಲ್ಲಿ ಸ್ವಲ್ಪ ಒರಟಾಗಿ, ಮುದಿ ಮನುಷ್ಯನ ಗದ್ದದ ಹಾಗೆ, ನಿಂತೇ ಇತ್ತು, ಆಗ ಕಂಡ, ಕಣ್ಣು ಮುಚ್ಚಿದ್ದರೂ ಕಂಡ, ಹೇಮರಾಜ್, ನನ್ನಷ್ಟೇ ಪ್ರಾಯದವನು, ತಲೆ ಪೂರ್ತಿ ಬೆಳ್ಳಗಾಗಿದೆ, ಐವತ್ತು ತುಂಬದವನಿಗೆ ಈ ನರೆ ಎಲ್ಲಿಂದ ಬಂತು, ಮಾರಾಯ. ಹಾಡು ಮುಗಿಯಿತು, ಹಿತೇಶ್ ತನ್ನ ಕುರ್ಚಿಯಿಂದ ಅಂಕಲ್ ಎಂದ, ಶೀತಲ ಹೇಮರಾಜನಿಗೆ ಕೈ ಎತ್ತಿ ಎನ್ನುತ್ತಿದ್ದಾಳೆ, ಕೈಗಳು ಏಳುತ್ತಿವೆ, ಎಂಟಕ್ಕಿಂತ ಹೆಚ್ಚು, ಸಾಲು ಸಾಲು, ಎಣಿಸಬೇಕು, ಎಣಿಸಲಾಗುತ್ತಿಲ್ಲ, ಆ ಕೈಗಳ ನಡುವೆ ಮತ್ತೆ ಅವನು, ಗಾಳಿಗೆ ಸ್ವಲ್ಪ ಕೆದರಿದ ಕೂದಲು, ನಕ್ಕ ಹಾಗೆ ಮಾಡಿ ಈ ಸಲ ನಕ್ಕೇಬಿಟ್ಟ — ಬಿಳಿ ಕೂದಲಿನ ಹೇಮರಾಜ್ — ಬಿಳಿ ಕೂದಲು —