ಚಾಸಿಸ್ ನಂಬರಿನ ಅಚ್ಚು

ಸಾಲ ಕಟ್ಟದವರ ಗಾಡಿಯನ್ನು ನಮ್ಮ ಕಂಪನಿ ಜಪ್ತಿ ಮಾಡಿದಾಗ ಅದನ್ನು ಸಾರಿಗೆ ಕಚೇರಿಗೆ ತಿಳಿಸುವ ಅರ್ಜಿ ಬರೆಯುವುದು ನನ್ನ ಕೆಲಸ. ಆ ಅರ್ಜಿ ಅಲ್ಲಿ ದಾಖಲಾದರೆ ಗಾಡಿ ಕಂಪನಿಯ ಹೆಸರಿಗೆ ತಿರುಗುವ ದಾರಿ ತೆರೆದಂತೆ. ಜೊತೆಗೆ ಚಾಸಿಸ್ ನಂಬರಿನ ಅಚ್ಚು ಇರಬೇಕು. ಗಾಡಿಯ ಕಬ್ಬಿಣದಲ್ಲಿ ಕೊರೆದ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿದ್ದು. ನಮ್ಮಲ್ಲಿ ಅದನ್ನು ಅಂಟಿಸುತ್ತಾರೆ, ಓದುವುದಿಲ್ಲ. ನಾನು ಓದುತ್ತೇನೆ. ಮಾತಾಡದವರಿಗೆ ಓದಲು ಪುರುಸೊತ್ತು ಬಹಳ.

ಇವತ್ತು ಮಧ್ಯಾಹ್ನ ಶಾಲಾ ಮಕ್ಕಳ ವ್ಯಾನ್ ಓಡಿಸುವ ಹೆಂಗಸೊಬ್ಬರು ಮ್ಯಾನೇಜರ ಮೇಜಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ಒಂದು ಪೈಸೆ ಸಾಲ ಇಲ್ದಿರೋ ಗಾಡೀನ ಯಾಕ್ರೀ ಎಳ್ಕೊಂಡ್ ಬಂದ್ರಿ?”

“ನಂಬರ್ ಪ್ಲೇಟ್ ನೋಡಮ್ಮ. ನಮ್ಮ ಪಟ್ಟೀಲಿರೋದೇ ಅದು.”

“ದಿನಾ ಓಡ್ಸೋ ಗಾಡಿ ಪ್ಲೇಟ್ ಯಾರು ನೋಡ್ತಾರೆ? ನೀವು ಮನೆ ನಂಬರ್ ಓದ್ಕೊಂಡು ಒಳಗೆ ಹೋಗ್ತೀರಾ? ಮೊನ್ನೆ ಬಣ್ಣ ಹೊಡಿಸ್ದೆ. ಪೇಂಟರ್ ಹತ್ರ ಇಂಥದ್ದೇ ಇನ್ನೊಂದು ವ್ಯಾನ್ ಇತ್ತು. ಪ್ಲೇಟ್ ಅದಲುಬದಲು ಮಾಡಿದಾನೆ, ಪುಣ್ಯಾತ್ಮ!”

“ಎಲ್ಲರೂ ಇಂಥ ಕಥೇನೇ ಹೇಳೋದು. ಏ ಮೌನಗೌರಿ, ಅರ್ಜಿ ಕಳಿಸಿಬಿಡು.”

ಮೌನಗೌರಿ ಅಂದರೆ ನಾನು. ಕೈಯಲ್ಲಿದ್ದ ಅಚ್ಚಿನ ಕೊನೆಯ ನಾಲ್ಕು ಅಂಕಿ ಸಾಲದ ಕಡತದಲ್ಲಿದ್ದುದಕ್ಕೆ ಹೊಂದಿರಲಿಲ್ಲ. ಅದನ್ನು ಮ್ಯಾನೇಜರ ಮುಂದೆ ಹಿಡಿದೆ. ಬಾಯಿಬಿಟ್ಟು ಹೇಳಿದೆ.

“ಸರ್, ಇದು ಬೇರೆ ಗಾಡಿ.”

“ಯಾರ್ಡಿನವನು ಪಕ್ಕದ ಗಾಡೀದು ತಿಕ್ಕಿರ್ತಾನೆ. ಅಂಟ್ಸು ಅತ್ಲಾಗೆ.”

“ಹಾಗಾದ್ರೆ ನಾನೇ ತಿಕ್ಕೊಂಡು ಬರ್ತೀನಿ.”

ಇಡೀ ಕಚೇರಿ ತಲೆಯೆತ್ತಿತು. ಕೆಲವರು ನನ್ನ ದನಿ ಕೇಳಿದ್ದು ಇದೇ ಮೊದಲು.

ಕಚೇರಿಯ ಹಿಂದೆ, ಜಪ್ತಿ ಗಾಡಿ ನಿಲ್ಲಿಸುವ ಯಾರ್ಡಿನಲ್ಲಿ ವ್ಯಾನಿನ ಕೆಳಗೆ ತೂರಿ, ಗ್ರೀಸು ಒರೆಸಿ, ಕಾಗದ ಒತ್ತಿ ತಿಕ್ಕಿದೆ. ವ್ಯಾನಿನಕ್ಕ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ತಮ್ಮ ನೋಂದಣಿ ಪುಸ್ತಕದಿಂದ ಜೋರಾಗಿ ಓದಿದರು. ನಾನು ಕೆಳಗಿನಿಂದ ಒಂದೊಂದಕ್ಕೂ “ಹೂಂ” ಅಂದೆ. ಅಕ್ಷರ, ಅಂಕಿ ಸೇರಿ ಹದಿನೇಳೂ ಹೊಂದಿದವು.

“ಇಷ್ಟು ಗಟ್ಟಿಗಿತ್ತೀನ ಎಲ್ಲಿ ಬಚ್ಚಿಟ್ಟಿದ್ದೆ ತಾಯಿ?” ಅಂದರು.

ಮ್ಯಾನೇಜರು ಎರಡೂ ಅಚ್ಚು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಅರ್ಜಿ ಹೋಯ್ತಾ?”

“ಇಲ್ಲ ಸರ್. ಹರಿದುಹಾಕ್ದೆ.”

“ನನ್ನ ಕೇಳ್ದೇನೇ?”

“ಅದರಲ್ಲಿ ಸಹಿ ನಂದಿತ್ತು ಸರ್.”

ಅವರು ವ್ಯಾನಿನ ಕೀ ಮೇಜಿನ ಮೇಲಿಟ್ಟರು. ಪ್ಲೇಟು ಬದಲಾಗಿದೆ, ಗಾಡಿ ಇವರದೇ ಎಂದು ಸಾರಿಗೆ ಕಚೇರಿಗೆ ಪತ್ರ ಬರೆದೆ. ಮ್ಯಾನೇಜರ ಸಹಿ, ಮೊಹರು ಹಾಕಿಸಿ ಒಂದು ಪ್ರತಿಯನ್ನು ಅಕ್ಕನ ಕೈಗೆ ಕೊಟ್ಟೆ. ಶಾಲೆ ಬಿಡಲು ಅರ್ಧ ಗಂಟೆ ಉಳಿದಿತ್ತು.

“ಮಕ್ಕಳು ಗೇಟಲ್ಲಿ ಕಾಯ್ತಿರ್ತಾವೆ, ಬರ್ತೀನಮ್ಮ,” ಎನ್ನುತ್ತಾ ಅಕ್ಕ ವ್ಯಾನ್ ಹತ್ತಿದರು. “ಅವುಗಳ್ನ ಮನೆ ಮುಟ್ಸಿ, ಆಮೇಲೆ ಆ ಪೇಂಟರ್‌ಗೆ ಮಂಗಳಾರತಿ!”