ಏರಿನ ಮೇಲಿನ ಸ್ಟಾಪು

ಹಿಪ್ಪುನೇರಳೆ ಹಣ್ಣು ತಾನಾಗಿ ಉದುರುವ ಕಾಲ. ಸೋಮವಾರ ಬೆಳಗಿನ ಹೊತ್ತು, ಬಿಸಿಲು ಇನ್ನೂ ಗೋಡೆಯಿಂದ ಕೆಳಗಿಳಿದಿರಲಿಲ್ಲ. ಓಣಿಯ ಗಂಡಸರು ನೆರೆಯ ಹೊಲ್ಮತನ ಮನೆಯಿಂದ ಉದ್ದನೆಯ ಬೆಂಚುಗಳನ್ನು ಹೊತ್ತು ತಂದು ಸಂಗಿನ್ ಅವರ ಬಾಗಿಲ ಮುಂದೆ ಹಾಕುತ್ತಿದ್ದರು. ನೆಲದ ತುಂಬ ಬಿದ್ದ ಹಣ್ಣು. ಒಬ್ಬನ ಕಾಲು ಜಾರಿ ಬೆಂಚಿನ ತುದಿ ಗೋಡೆಗೆ ಬಡಿಯಿತು.

"ಮೆಲ್ಲಗಪ್ಪಾ," ಎಂದ ಹೊಲ್ಮತ್. "ಒಳಗೆ ಹೆಂಗಸರಿದ್ದಾರೆ."

ಒಳಗೆ ಸಂಗಿನ್ ಅವರ ಹೆಂಡತಿ ಮಸ್ತೂರಾ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಭಾನುವಾರ ಸಂಜೆ ಚಹಾದ ಬಟ್ಟಲು ಕೆಳಗಿಟ್ಟ ಗಂಡ ಮತ್ತೆ ಅದನ್ನು ಎತ್ತಲಿಲ್ಲ. ಗಂಡನ ಅಕ್ಕ ಮುಕರ್ರಮ ಸುದ್ದಿ ಕೇಳಿ ಕೋನಿಬೊದೊಮ್‌ನಿಂದ ಬಂದವಳು ಅವಳಿಗೆ ಸೂತಕದ ನೀಲಿ ಅಂಗಿ ತೊಡಿಸಿ, ತಲೆಗೆ ನೀಲಿ ವಸ್ತ್ರ ಕಟ್ಟಿ ಕೂರಿಸಿದ್ದಳು. ಸುತ್ತ ಕೂತ ಹೆಂಗಸರು ಹಾಡಿ ಹಾಡಿ ಅಳುತ್ತಿದ್ದರು. ಹೆಂಡತಿಯಾದವಳು ದನಿ ಎತ್ತಲಿ ಎಂದು ಆಗಾಗ ನಿಲ್ಲಿಸುತ್ತಿದ್ದರು. ಮಸ್ತೂರಾಳ ಬಾಯಿಂದ ದನಿ ಬರಲಿಲ್ಲ, ಕಣ್ಣಲ್ಲಿ ನೀರೂ ಇರಲಿಲ್ಲ. ಆಕೆಯ ಕಿವಿ ಕಿಟಕಿಯ ಕಡೆಗಿತ್ತು.

ಸಂಗಿನ್ ಖುಜಂದ್‌ನ ಸಾರಿಗೆ ಕಚೇರಿಯಲ್ಲಿದ್ದವರು. ಯಾವ ಬೀದಿಯಲ್ಲಿ ಬಸ್ಸು ಎಲ್ಲಿ ನಿಲ್ಲಬೇಕು ಎಂದು ಗೊತ್ತುಮಾಡುವುದೇ ಅವರ ಕೆಲಸ, ಅದೊಂದನ್ನೇ ಮಾಡುತ್ತ ಮುದುಕರಾದರು. ಹಳೆಯ ಜೊತೆಗಾರರು ಒಬ್ಬೊಬ್ಬರೇ ಬರತೊಡಗಿದ್ದರು. ಈಗ ಊರಲ್ಲಿ ಕೈ ಎತ್ತಿದ ಕಡೆ ನಿಲ್ಲುವ ಪುಟ್ಟ ಬಸ್ಸುಗಳೇ ಎಲ್ಲ. ಆದರೂ ಅವರೆಲ್ಲ ಸಂಗಿನ್ ಅವರಿಗೆ ಮರ್ಯಾದೆ ಎಂದು ಏರಿನ ಮೇಲಿನ ಸ್ಟಾಪಿನವರೆಗೆ ಹೋಗಿ ಇಳಿದು, ಮೊಣಕಾಲು ಹಿಡಿದುಕೊಂಡು ಕೆಳಗೆ ನಡೆದು ಬರುತ್ತಿದ್ದರು. ಹೊಲ್ಮತ್ ಸೂತಕದ ಗುರುತಿಗೆ ನಡುವಿಗೆ ವಸ್ತ್ರ ಬಿಗಿದು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಅದೇ ಮಾತು ಹೇಳುತ್ತಿದ್ದ.

"ಊರಿಗೆಲ್ಲ ಸ್ಟಾಪು ಕೊಟ್ಟ ಮನುಷ್ಯ, ಸ್ವಂತ ಓಣಿಗೆ ಕೊಡ್ಲಿಲ್ಲ. ಹೇಳಿ, ಇನ್ನೆಲ್ಲಿ ಸಿಗ್ತಾರೆ ಇಂಥವರು?"

"ಸಿಗಲ್ಲ ಬಿಡಿ," ಎನ್ನುತ್ತಿದ್ದರು ಬಂದವರು, ಏದುಸಿರು ಬಿಡುತ್ತ.

ಕಿಟಕಿಯಿಂದ ಆ ಮಾತು ಒಳಗೆ ಬಂದಾಗಲೆಲ್ಲ ಮಸ್ತೂರಾ ನೀಲಿ ವಸ್ತ್ರವನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತಿದ್ದಳು.

*

ಮದುವೆಯಾಗಿ ಎರಡನೇ ವರ್ಷ ಬಸ್ಸು ಅವರ ಕಡೆಗೆ ಬಂತು. ಸ್ಟಾಪು ಗೊತ್ತುಮಾಡುವಾಗ ಸಂಗಿನ್ ಖಾಲಿ ಬಸ್ಸಿನಲ್ಲಿ ಗುರುತು ಬಳಿಯಲು ಸುಣ್ಣದ ಬಕೆಟ್ಟು, ಕುಂಚ ಇಟ್ಟುಕೊಂಡು ಹೋಗುತ್ತಿದ್ದರು. ಅದಕ್ಕೂ ಮೊದಲು ಕೆಲವು ದಿನ ಬೀದಿಯಲ್ಲಿ ಸುಮ್ಮನೆ ನಿಲ್ಲುವುದು. ಎಲ್ಲಿ ನೆರಳಿದೆ, ರಸ್ತೆ ಬದಿಯ ಕಾಲುವೆ ದಾಟಲು ಹಲಗೆ ಎಲ್ಲಿ ಹಾಕಿದ್ದಾರೆ ಎಂದು ನೋಡುವುದು. "ಹೊರೆ ಹೊತ್ತವಳು ಯಾರೂ ಹೇಳದೆ ಚೀಲ ಎಲ್ಲಿ ಕೆಳಗಿಡ್ತಾಳೋ, ಅದೇ ಸ್ಟಾಪು," ಎಂದು ಮನೆಯಲ್ಲೂ ಹೇಳುತ್ತಿದ್ದರು. ಹೊಸ ಹೆಂಡತಿಗೆ ಆ ಮಾತು ಬಹಳ ಹಿಡಿಸಿತ್ತು.

ಓಣಿಯ ಬಾಯಲ್ಲಿ ಒಂದು ಚಿನಾರ್ ಮರವಿತ್ತು. ಬಜಾರಿನಿಂದ ಬಂದ ಹೆಂಗಸರು ಚೀಲ ಇಳಿಸಿ ತಲೆವಸ್ತ್ರದ ತುದಿಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದದ್ದು ಅದರ ಕೆಳಗೇ. ಸ್ಟಾಪಿನ ಗುರುತು ಹಾಕುವ ದಿನ ಓಣಿಯವರೆಲ್ಲ ಅಲ್ಲಿ ನೆರೆದಿದ್ದರು. ಮಸ್ತೂರಾ ಬಾಗಿಲಲ್ಲಿ ಗಂಡನಿಗೆಂದು ಹಸಿರು ಚಹಾದ ಬಟ್ಟಲು ಹಿಡಿದು ನಿಂತಿದ್ದಳು. ಬಸ್ಸು ಬಂತು. ಯಾರೂ ಕೈ ತೋರಿಸದಿದ್ದರೂ ಡ್ರೈವರ್ ಎರ್ಗಶ್ ಚಿನಾರ್ ಕೆಳಗೆ ನಿಲ್ಲಿಸಿದ. ಸಂಗಿನ್ ಇಳಿದರು. ನೆರಳು ನೋಡಿದರು, ಹಲಗೆ ನೋಡಿದರು. ಕುಂಚವನ್ನು ಸುಣ್ಣಕ್ಕೆ ಅದ್ದಿ ಎತ್ತಿದರು. ಅಷ್ಟರಲ್ಲಿ ತಲೆ ಎತ್ತಿ ತಮ್ಮ ಮನೆ ಬಾಗಿಲ ಕಡೆ ನೋಡಿದರು. ಕುಂಚದಿಂದ ಸುಣ್ಣ ತೊಟ್ಟಿಕ್ಕುತ್ತಿತ್ತು. ಕುಂಚವನ್ನು ಮತ್ತೆ ಬಕೆಟ್ಟಿಗೆ ಹಾಕಿ ಬಸ್ಸು ಹತ್ತಿ, "ನಡಿ, ಮುಂದಕ್ಕೆ," ಎಂದರು.

ಗುರುತು ಬಿದ್ದದ್ದು ಏರಿನ ಮೇಲೆ, ಹಿಟ್ಟಿನ ಗಿರಣಿಯ ಬೋಳು ಗೋಡೆಯ ಪಕ್ಕ. ಅಲ್ಲಿ ನೆರಳಿಲ್ಲ, ಹಲಗೆಯೂ ಇಲ್ಲ.

ಆ ದಿನ ಊಟಕ್ಕೆ ಕೂತಾಗ ಅವಳು ಕೇಳಿದಳು. "ಜನ ನಿಲ್ಲೋದು ಚಿನಾರ್ ಹತ್ರ ಅಲ್ವಾ?"

"ಅಲ್ಲೇ. ಗೊತ್ತು ನನಗೆ."

"ಮತ್ತೆ?"

"ನಮ್ಮ ಮನೆ ಇಲ್ಲಿ ಇಲ್ದಿದ್ರೆ ಹಾಕ್ತಿದ್ದೆ," ಎಂದರು. ರೊಟ್ಟಿ ಮುರಿದು ದೊಡ್ಡ ತುಂಡನ್ನು ಅವಳ ಮುಂದೆ ಇಟ್ಟರು. "ಹೆಂಡತಿಗೋಸ್ಕರ ಹಾಕ್ದ ಅಂತಾರೆ ಜನ."

ಆಮೇಲಿನದು ಬರೀ ನಡೆಯುವುದು. ಹಿಟ್ಟು, ಕಲ್ಲಂಗಡಿ, ಜ್ವರ ಬಂದ ಮಗ ಫೋಜಿಲ್, ಎಲ್ಲವನ್ನೂ ಹೊತ್ತು ಆ ಏರು. ಇಳಿಯುವಾಗ ಮಂಜುಗಡ್ಡೆ, ಹತ್ತುವಾಗ ಬಿಸಿಲು. ಓಣಿಯ ಹೆಂಗಸರು ಮೊದಮೊದಲು ಅವಳ ಕೈಲಿ ಹೇಳಿ ಕಳಿಸಿದರು, ಆಮೇಲೆ ಚುಚ್ಚಿದರು. "ನಿನ್ನ ಗಂಡನಿಗೆ ಹೆಸರು ಬಂತು ಕಣೇ, ನಮಗೆ ಮೊಣಕಾಲು ನೋವು ಬಂತು," ಎಂದಿದ್ದಳು ಒಬ್ಬಳು. ಅವಳು ಸತ್ತೇ ಎಷ್ಟೋ ವರ್ಷವಾಯಿತು. ಮಸ್ತೂರಾ ಗಂಡನ ಮುಂದೆ ಆ ಮಾತು ಮತ್ತೆ ಎತ್ತಲಿಲ್ಲ. ಎತ್ತದೆ ಇದ್ದದ್ದರಿಂದ ಅದು ಹೋಗಲೂ ಇಲ್ಲ.

*

ಮಧ್ಯಾಹ್ನದ ನಮಾಜು ಹತ್ತಿರವಾಯಿತು. ಖಬರಸ್ತಾನ ಹೊಳೆಯ ಆಚೆ. ಹೊರಗೆ ಮುಲ್ಲಾ ನೆರೆದವರನ್ನು ಕೇಳಿದರು, ಸಂಗಿನ್ ಎಂಥವರು ಎಂದು. ಒಳ್ಳೆಯವರು ಎಂದು ಗಂಡಸರೆಲ್ಲ ಒಟ್ಟಿಗೆ ಹೇಳಿದರು. ಅವರ ಮೇಲೆ ಯಾರ ಮನಸ್ಸಿನಲ್ಲಾದರೂ ಕಹಿ ಇದೆಯೇ ಎಂದು ಕೇಳಿದರು. ಇಲ್ಲ ಎಂದರು. ಹೊರೆ ಹೊತ್ತು ಏರು ಹತ್ತಿದವರು ಆ ಗುಂಪಿನಲ್ಲಿ ಎಷ್ಟು ಜನ ಇದ್ದರು ಎಂದು ಮಸ್ತೂರಾ ಒಳಗೇ ಯೋಚಿಸಿದಳು.

ಫೋಜಿಲ್ ಒಳಗೆ ಬಂದು ತಾಯಿಯ ಮುಂದೆ ಮೊಣಕಾಲೂರಿದ. ಅವನಿಗೂ ಗಡ್ಡ ನರೆತಿತ್ತು.

"ಅಮ್ಮ, ನಿನ್ನ ಮಾತೂ ಬೇಕು. ಅಪ್ಪನ ಮೇಲೆ ಕಹಿ ಇಲ್ಲ ಅಂತ ಹೇಳ್ಬಿಡು. ಎತ್ತೋದಕ್ಕೆ ಕಾಯ್ತಿದಾರೆ."

ಆ ಮಾತು ಎಲ್ಲ ಹೆಂಡತಿಯರೂ ಹೇಳುವುದು. ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತಾರೆ, ಆಯಿತು. ಆದರೆ ಸತ್ತವರ ಮುಂದೆ ಸುಳ್ಳಾಡಿದರೆ ಅದು ಅವರ ಜೊತೆಗೇ ಮಣ್ಣಿಗೆ ಹೋಗುತ್ತದೆ ಎಂದು ಮಸ್ತೂರಾಳ ನಂಬಿಕೆ. ಅವಳು ಕೈ ನೋಡಿಕೊಂಡು ಕೂತಳು. ಹೆಂಗಸರ ಅಳು ನಿಂತಿತು. ಫೋಜಿಲ್ ಹೊರಗೆ ಹೋಗಿ ಮುಲ್ಲಾರಿಗೆ ಸ್ವಲ್ಪ ತಡೆಯಲು ಹೇಳಿ ಬಂದ. ಮತ್ತೆ ಕೂತ.

ಮುಕರ್ರಮ ಬಗ್ಗಿ ಪಿಸುಗುಟ್ಟಿದಳು. "ಏನೇ ಇದು? ನನ್ನ ತಮ್ಮ ನಿನ್ನನ್ನ ಹೊಡೆದ್ನಾ, ಬೈದ್ನಾ?"

"ಇಲ್ಲ ಅಕ್ಕಾ."

"ಮತ್ತೇನು?"

ಮಸ್ತೂರಾ ಮೊಣಕಾಲು ನೀವಿಕೊಂಡಳು. ಮುಕರ್ರಮ ಅವಳ ಮುಖವನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ತನ್ನ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡಳು. ಮೆಲ್ಲಗೆ ಹೇಳಿದಳು. "ನಾನೂ ಬಂದಾಗಲೆಲ್ಲ ಅವನನ್ನ ಬೈಕೊಂಡೇ ಆ ಏರು ಇಳೀತಿದ್ದೆ ಬಿಡು."

*

ಕಳೆದ ಚಳಿಗಾಲದಲ್ಲಿ ಇಬ್ಬರೂ ಆಸ್ಪತ್ರೆಯಿಂದ ಬರುತ್ತಿದ್ದರು. ಡಾಕ್ಟರು ಸಂಗಿನ್ ಅವರಿಗೆ ಮೆಟ್ಟಿಲು ಹತ್ತಬೇಡಿ ಎಂದಿದ್ದರು. ಪುಟ್ಟ ಬಸ್ಸಿನ ಹುಡುಗ ಡ್ರೈವರು ಮುದುಕರನ್ನು ಕಂಡು ಚಿನಾರ್ ಹತ್ತಿರ ತಾನೇ ನಿಲ್ಲಿಸಿದ. ಮಸ್ತೂರಾ ಎದ್ದಳು.

"ಸ್ಟಾಪು ಮೇಲಿದೆ," ಎಂದರು ಸಂಗಿನ್.

"ಯಜಮಾನರೇ, ಇಲ್ಲೇ ಇಳೀರಿ, ಯಾರೂ ಕೇಳಲ್ಲ," ಎಂದ ಹುಡುಗ.

"ನಡಿಯಪ್ಪ."

ಮೇಲೆ ಇಳಿದು ಇಬ್ಬರೂ ಹಿಮದಲ್ಲಿ ಕೆಳಗೆ ಬಂದರು. ಎದೆ ಹಿಡಿದಾಗಲೆಲ್ಲ ಸಂಗಿನ್ ನಿಂತು, ರಸ್ತೆಯನ್ನು ಪರೀಕ್ಷೆ ಮಾಡುವವರಂತೆ ಆಚೀಚೆ ನೋಡುತ್ತಿದ್ದರು. ಅವಳು ಔಷಧಿಯ ಚೀಲ ಹಿಡಿದು ಕಾಯುತ್ತಿದ್ದಳು.

"ಇಳಿಜಾರು ಮೊದ್ಲಿಗಿಂತ ಜಾಸ್ತಿ ಆಗಿದೆ," ಎಂದರು.

"ಮೊದ್ಲೂ ಇಷ್ಟೇ ಇತ್ತು," ಎಂದಳು ಮಸ್ತೂರಾ.

ಅವರು ಅವಳನ್ನು ನೋಡಿದರು. ಅವಳ ಕೈಯಿಂದ ಚೀಲ ತೆಗೆದುಕೊಂಡು ಮುಂದೆ ನಡೆದರು.

*

"ಬಸ್ಸು ಎಲ್ಲಿ ನಿಂತಿದೆ?" ಎಂದು ಮಸ್ತೂರಾ ಕೇಳಿದಳು. ಬೆಳಗಿನಿಂದ ಅವಳಾಗಿ ಆಡಿದ ಮೊದಲ ಮಾತು.

ಖಬರಸ್ತಾನಕ್ಕೆ ಒಯ್ಯಲು ಕಚೇರಿಯವರು ಒಂದು ಹಳೆಯ ದೊಡ್ಡ ಬಸ್ಸು ಕಳಿಸಿದ್ದರು. ನಿವೃತ್ತಿಯಾದ ಎರ್ಗಶ್ ಈ ಒಂದು ದಿನಕ್ಕೆಂದು ಕೇಳಿಕೊಂಡು ಓಡಿಸಿ ತಂದಿದ್ದ. ಅದು ಮೇಲೆ, ಗಿರಣಿ ಗೋಡೆಯ ಸ್ಟಾಪಿನಲ್ಲಿದೆ ಎಂದ ಫೋಜಿಲ್. ಶವ ಮಲಗಿಸಿದ ಜನಾಜಾವನ್ನು ಅಲ್ಲಿಯವರೆಗೆ ಹೆಗಲ ಮೇಲೆ ಒಯ್ಯುವುದು ಎಂದು ಹೊಲ್ಮತ್ ಮಾಮ ಏರ್ಪಾಡು ಮಾಡಿದ್ದಾರೆ. ಅಪ್ಪನಿಗೆ ಅದೇ ಮರ್ಯಾದೆ.

"ಕೆಳಗೆ ತರಿಸು. ಚಿನಾರ್ ಹತ್ರ."

"ಅಲ್ಲಿ ಸ್ಟಾಪಿಲ್ಲಮ್ಮ. ಅಪ್ಪ ಇದ್ದಿದ್ರೆ..."

"ಅಪ್ಪ ಇಲ್ಲ," ಎಂದಳು ಮಸ್ತೂರಾ. "ಒಂದೇ ಒಂದು ಸಲ ಅಲ್ಲಿಂದ ಹತ್ತಲಿ. ಆಮೇಲೆ ನನ್ನಲ್ಲಿ ಕಹಿ ಇಲ್ಲ. ಮುಲ್ಲಾರಿಗೆ ಹಾಗೇ ಹೇಳು."

ಹೊರಗೆ ಗದ್ದಲವಾಯಿತು. ಜನ ಏನೆನ್ನುತ್ತಾರೆ, ಮಣ್ಣಿಗೆ ಹೋಗುವ ದಿನವೇ ಮನುಷ್ಯನ ಮಾತು ಮುರಿದಂತಾಗುವುದಿಲ್ಲವೇ ಎಂದು ಹೊಲ್ಮತ್ ವಾದ ಹೂಡಿದ. ಮುಕರ್ರಮ ಎದ್ದು ಹೋಗಿ ಬಾಗಿಲ ಸಂದಿಯಿಂದ ಮುಖ ತೋರಿಸಿದಳು.

"ಹೊಲ್ಮತ್, ನಿನ್ನ ಮನೇಲಿ ಬಜಾರಿನ ಚೀಲ ಹೊತ್ತೋರು ಯಾರು?"

ಹೊಲ್ಮತ್ ನಡುವಿನ ವಸ್ತ್ರ ಸರಿಮಾಡಿಕೊಂಡು ಬಾಗಿಲಿನಿಂದ ಪಕ್ಕಕ್ಕೆ ಸರಿದ. ಎರ್ಗಶ್ ಬೆಂಚಿನಿಂದ ನಿಧಾನವಾಗಿ ಎದ್ದು ಬಸ್ಸಿನ ಬೀಗದ ಕೈ ತೆಗೆದ. "ಆವತ್ತೂ ನಾನು ಚಿನಾರ್ ಕೆಳಗೇ ನಿಲ್ಸಿದ್ದೆ," ಎಂದಷ್ಟೇ ಹೇಳಿ ಏರು ಹತ್ತಿ ಹೋದ.

ಬಸ್ಸು ಹಿಮ್ಮುಖವಾಗಿ, ನರಳುತ್ತ, ಇಳಿದು ಬಂತು. ಜನಾಜಾ ಬಾಗಿಲು ದಾಟಿದ ಮೇಲೆ ಅದು ಗಂಡಸರದು. ಹೆಂಗಸರು ಹೊಸಿಲಲ್ಲೇ ನಿಂತರು. ಓಣಿ ನೇರವಾಗಿತ್ತು, ಹಾಗಾಗಿ ಅಲ್ಲಿಂದಲೇ ಎಲ್ಲ ಕಾಣುತ್ತಿತ್ತು. ಹೆಗಲು ಬದಲಾಯಿಸುತ್ತ ಬದಲಾಯಿಸುತ್ತ ಒಯ್ದರು. ಹೆಗಲು ಕೊಡಲು ಎಲ್ಲರಿಗೂ ಸರದಿ ಸಿಗುವ ಮೊದಲೇ ಓಣಿ ಮುಗಿದುಹೋಯಿತು, ದಾರಿ ಅಷ್ಟು ಹತ್ತಿರ. ಚಿನಾರಿನ ನೆರಳಲ್ಲಿ ಒಂದು ಗಳಿಗೆ ಜನಾಜಾವನ್ನು ತಗ್ಗಿಸಿ ಹಿಡಿದು, ಬಸ್ಸಿನೊಳಗೆ ಸರಿಸಿದರು.

ಆಗ ಮಸ್ತೂರಾಳ ಗಂಟಲು ತೆರೆಯಿತು. ಅವಳ ದನಿ ಕೇಳಿ, ಬಸ್ಸಿನ ಮೆಟ್ಟಿಲ ಮೇಲಿದ್ದ ಫೋಜಿಲ್ ಕಣ್ಣು ಒರೆಸಿಕೊಂಡ.

*

ಮೂರು ದಿನ ಓಣಿಯವರು ಸರದಿಯಲ್ಲಿ ಅಡುಗೆ ಮಾಡಿ ತಂದರು. ಗುರುವಾರ ಮುಕರ್ರಮ ಹೊರಟಳು. ಎರಡು ರೊಟ್ಟಿ, ಒಂದಿಷ್ಟು ಒಣಗಿದ ಹಿಪ್ಪುನೇರಳೆ ಚೀಲಕ್ಕೆ ಹಾಕಿಕೊಟ್ಟು ಮಸ್ತೂರಾ ಅವಳನ್ನು ಬಿಡಲು ಬಂದಳು. ಚಿನಾರ್ ಕೆಳಗೆ ಬಂದಾಗ ಮುಕರ್ರಮ ಉಸ್ಸೆಂದು ಚೀಲ ಕೆಳಗಿಟ್ಟಳು.

ಪುಟ್ಟ ಬಸ್ಸೊಂದು ಬಂತು. ನೀಲಿ ವಸ್ತ್ರ ಕಂಡು ಡ್ರೈವರು ತಾನೇ ನಿಲ್ಲಿಸಿ ಬಾಗಿಲು ತೆಗೆದ.

ಮಸ್ತೂರಾ ಅವನ ಕಡೆ ಕೈ ಬೀಸಿದಳು. "ಸ್ಟಾಪು ಮೇಲಿದೆ. ನೀನು ಮೇಲೆ ಹೋಗಪ್ಪ."

"ಇದೇನೇ?" ಎಂದಳು ಮುಕರ್ರಮ.

ಮಸ್ತೂರಾ ಬಗ್ಗಿ ಚೀಲ ಎತ್ತಿಕೊಂಡು ಏರು ಹತ್ತತೊಡಗಿದ್ದಳು. ಮುಕರ್ರಮ ತಮ್ಮನನ್ನು ಬೈಯುತ್ತ ಹಿಂದೆ ಬಂದಳು. ಮೇಲೆ, ಗಿರಣಿಯ ಬೋಳು ಗೋಡೆಯ ಪಕ್ಕ, ಬಸ್ಸು ಬಾಗಿಲು ತೆರೆದುಕೊಂಡು ಇಬ್ಬರು ಮುದುಕಿಯರಿಗಾಗಿ ಕಾಯುತ್ತಿತ್ತು.